ಬಯಲು ಕೆರೆಯ ಬೈಗು: ಅಸ್ತಮಯವನ್ನು ಚಿತ್ರಿಸುವ ಕ್ರಮ

ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯ ದಂಡೆಯಲ್ಲಿ ನಾನು ಮೊದಲ ಸಲ ಅಸ್ತಮಯದ ಚಿತ್ರಗಳನ್ನು ತೆಗೆದ ದಿನ, ನನ್ನ ಹಿಂದೆ ಬಹಳ ಹೊತ್ತಿನಿಂದ ಕೋಲೂರಿ ನಿಂತಿದ್ದ ಕುರಿ ಕಾಯುವ ಹಿರಿಯರೊಬ್ಬರು ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯನ್ನು ಇಣುಕಿ ನೋಡಿ, "ಯಾಕ್ರೀ ಸರ, ನಿಮ್ಮ ಚಿತ್ರದಾಗ ಕೆರಿ ನೀರೆಲ್ಲಾ ಬಲಕ್ಕ ಹರದು ಹೊಂಟೈತಲ್ರೀ" ಎಂದರು. ಅವರು ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು: ಸೂರ್ಯನ ಬಣ್ಣಕ್ಕೆ ಮರುಳಾಗಿ, ಅವನ ಬಿಂಬವೊಂದನ್ನೇ ಚೌಕಟ್ಟಿನ ನಡುವಿಗೆ ತರುವ ಆತುರದಲ್ಲಿ, ನೀರಿನ ಅಂಚು ಓರೆಯಾಗಿದ್ದುದನ್ನು ನಾನು ಗಮನಿಸಿಯೇ ಇರಲಿಲ್ಲ. ಬೆಟ್ಟಗುಡ್ಡಗಳ ಚಿತ್ರದಲ್ಲಿ ಎರಡು ಡಿಗ್ರಿಯ ಓರೆಯನ್ನು ಯಾರೂ ಕಂಡುಹಿಡಿಯಲಾರರು. ನೀರು ಮಾತ್ರ ಒಂದು ಡಿಗ್ರಿಯ ತಪ್ಪನ್ನೂ ಕ್ಷಮಿಸುವುದಿಲ್ಲ. ಬಯಲು ಕೆರೆಯ ಅಸ್ತಮಯದಲ್ಲಿ ಚಿತ್ರದ ವಸ್ತುವೆಂಬುದು ಸೂರ್ಯನಲ್ಲ, ನೀರೇ ಎಂಬ ತಿಳಿವು ನನಗೆ ಮೂಡಿದುದು ಆ ಹಿರಿಯರ ಮಾತಿನಿಂದ. ಎಲ್ಲಿ ನಿಲ್ಲಬೇಕು, ಎಷ್ಟೆತ್ತರದಲ್ಲಿ ನಿಲ್ಲಬೇಕು, ಎಷ್ಟು ಬೆಳಕನ್ನು ಒಳಬಿಡಬೇಕು ಎಂಬ ಪ್ರಶ್ನೆಗಳಿಗೆಲ್ಲ ನೀರನ್ನು ನೋಡಿಯೇ ಉತ್ತರ ಕಂಡುಕೊಳ್ಳಬೇಕಾಗುತ್ತದೆ.

ಮಾಗಡಿ ಕೆರೆಯನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. 2024ರಲ್ಲಿ ಅಘನಾಶಿನಿ ಅಳಿವೆ ಮತ್ತು ಹಗರಿಬೊಮ್ಮನಹಳ್ಳಿಯ ಬಳಿಯ ಅಂಕಸಮುದ್ರ ಕೆರೆಗಳ ಜೊತೆಗೆ ಇದೂ ಜೌಗುನೆಲಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೆ ಸೇರಿತು. ಅದಕ್ಕೆ ಮೊದಲು, 2022ರಲ್ಲಿ, ರಂಗನತಿಟ್ಟು ಸೇರಿತ್ತು. ಕೆರೆಯ ಸುತ್ತಲೂ ಎರೆಹೊಲಗಳ ಸಮತಲ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಎತ್ತರದ ಬಯಲುಗಳಿಂದ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲೆಲ್ಲ ಇಲ್ಲಿಯ ನೀರಿನಲ್ಲಿ ವಿರಮಿಸಿ, ಬೈಗಾಗುತ್ತಲೇ ಮೇವಿಗಾಗಿ ಹೊಲಗಳ ಕಡೆಗೆ ಏಳುವುದುಂಟು. ಹತ್ತಿರದ ಲಕ್ಷ್ಮೇಶ್ವರವು ಹಿಂದಿನ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನೆಲವನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲೊಂದು. ಊರಿನ ಹೆಸರಿನಲ್ಲಿಯೇ ಕೆರೆಯನ್ನು ಇಟ್ಟುಕೊಂಡ ಸೀಮೆಯಿದು ಎಂಬುದನ್ನು ನೆನೆದರೆ ಇಲ್ಲಿಯ ನೀರಿನ ಮುಂದೆ ಕಾಯುವ ಕೆಲಸ ಅಷ್ಟೇನೂ ಬೇಸರವೆನಿಸದು.

ದಿಕ್ಕು ಮತ್ತು ಹೊತ್ತು

ಮೊದಲು ಮಾಡತಕ್ಕ ಕೆಲಸವು ಕ್ಯಾಮೆರಾವಿಲ್ಲದೆಯೇ ಮಾಡುವಂಥದು. ಹಗಲಿನಲ್ಲಿಯೇ ಕೆರೆಯನ್ನು ಒಂದು ಸುತ್ತು ನೋಡಿ, ಏರಿ ಯಾವ ಕಡೆಗಿದೆ, ತೂಬೆಲ್ಲಿ, ಕೋಡಿಯೆಲ್ಲಿ, ನೀರು ಹಿಂದೆ ಸರಿದು ಕೆಸರಾಗಿರುವ ಅಂಚೆಲ್ಲಿ ಎಂಬುದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳಬೇಕು. ಪಶ್ಚಿಮಕ್ಕೆ ಮುಖಮಾಡಿ ನಿಂತರೆ ಎದುರಿಗೆ ನೀರು ವಿಶಾಲವಾಗಿ ಹರಡಿರಬೇಕು. ಅಂದರೆ ಸಾಮಾನ್ಯವಾಗಿ ಕೆರೆಯ ಪೂರ್ವದ ದಂಡೆಯೇ ನಮಗೆ ಅನುಕೂಲ. ಆದರೆ ಸೂರ್ಯನು ನಿತ್ಯವೂ ನೇರ ಪಶ್ಚಿಮದಲ್ಲಿ ಮುಳುಗುತ್ತಾನೆಂದು ನಂಬಿ ಹೋದವನು ಮೋಸಹೋಗುತ್ತಾನೆ. ನಮ್ಮ ಅಕ್ಷಾಂಶದಲ್ಲಿ ಡಿಸೆಂಬರ್ 21ರ ಸುಮಾರಿಗೆ ಅವನು ಪಶ್ಚಿಮಕ್ಕಿಂತ 24 ಡಿಗ್ರಿಯಷ್ಟು ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ, ಜೂನ್ 21ರ ಸುಮಾರಿಗೆ ಅಷ್ಟೇ ದೂರ ಉತ್ತರಕ್ಕೆ ಸರಿದಿರುತ್ತಾನೆ. ನೇರ ಪಶ್ಚಿಮವೆಂಬುದು ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವಗಳ ದಿನಗಳ ಮಾತು. ಇನ್ನೊಂದು ವಿಶೇಷವುಂಟು: ವಿಷುವದ ದಿನಗಳಲ್ಲಿ ಮುಳುಗುವ ತಾಣವು ಒಂದು ದಿನದಿಂದ ಮರುದಿನಕ್ಕೆ ಹೆಚ್ಚುಕಡಿಮೆ ಸೂರ್ಯಬಿಂಬದಷ್ಟೇ ಅಗಲ ಸರಿಯುತ್ತದೆ, ಡಿಸೆಂಬರಿನಲ್ಲಾದರೋ ಒಂದು ವಾರವಿಡೀ ಒಂದೇ ಜಾಲಿಮರದ ಹಿಂದೆ ಮುಳುಗಿದಂತೆ ತೋರುವುದು. ಆದುದರಿಂದ ಡಿಸೆಂಬರಿನಲ್ಲಿ ಇಂದು ಕೆಟ್ಟ ಚಿತ್ರವನ್ನು ನಾಳೆ ತಿದ್ದಿಕೊಳ್ಳಲು ಅವಕಾಶವಿದೆ.

ಹೊತ್ತಿನ ವಿಷಯ. ಗದಗದ ಸೀಮೆಯಲ್ಲಿ ಡಿಸೆಂಬರ್ ಕೊನೆಯ ವೇಳೆಗೆ ಸಂಜೆ 6 ಗಂಟೆಯ ಆಸುಪಾಸಿನಲ್ಲಿಯೂ, ಫೆಬ್ರವರಿಯ ನಡುವಿನಲ್ಲಿ ಆರೂವರೆಯ ಆಸುಪಾಸಿನಲ್ಲಿಯೂ ಅಸ್ತಮಯವಾಗುತ್ತದೆ. ತೋಳನ್ನು ಪೂರ್ತಿ ಚಾಚಿ, ನಾಲ್ಕು ಬೆರಳುಗಳನ್ನು ಅಡ್ಡಲಾಗಿ ಜೋಡಿಸಿ ಹಿಡಿದು, ಸೂರ್ಯನಿಗೂ ಕ್ಷಿತಿಜಕ್ಕೂ ನಡುವೆ ಎಷ್ಟು ಬೆರಳುಗಳ ಅಂತರವಿದೆಯೆಂದು ಅಳೆಯುವ ಹಳೆಯ ಉಪಾಯವೊಂದಿದೆ. ಶೀತದೇಶಗಳ ಪುಸ್ತಕಗಳು ಒಂದೊಂದು ಬೆರಳಿಗೆ ಕಾಲು ಗಂಟೆಯೆಂದು ಲೆಕ್ಕ ಕೊಡುತ್ತವೆ. ಆ ಲೆಕ್ಕವನ್ನು ನೆಚ್ಚಬೇಡಿ. ಅಲ್ಲಿ ಸೂರ್ಯನು ಇಳಿಜಾರಿನಲ್ಲಿ ಜಾರಿದಂತೆ ಓರೆಯಾಗಿ ಇಳಿಯುತ್ತಾನೆ, ನಮ್ಮಲ್ಲಿ ಹೆಚ್ಚುಕಡಿಮೆ ನೆಟ್ಟಗೆ ಬಾವಿಗಿಳಿದಂತೆ ಇಳಿಯುತ್ತಾನೆ. ನಾಲ್ಕು ಬೆರಳುಗಳಿಗೆ ನಮಗೆ ದೊರೆಯುವುದು ಸುಮಾರು ಅರ್ಧ ಗಂಟೆ ಮಾತ್ರ. ಬಿಂಬದ ಕೆಳಗಿನ ಅಂಚು ಕ್ಷಿತಿಜವನ್ನು ಮುಟ್ಟಿದ ಕ್ಷಣದಿಂದ ಮೇಲಿನ ಅಂಚು ಮರೆಯಾಗುವವರೆಗೆ ಎರಡು ನಿಮಿಷವೇ ಸರಿ, ಅದಕ್ಕಿಂತ ಕೆಲವು ಸೆಕೆಂಡು ಹೆಚ್ಚಿದ್ದೀತು. ಹೀಗಿರುವಾಗ ಅಸ್ತಮಯಕ್ಕೆ ಹತ್ತು ನಿಮಿಷವಿದೆಯೆನ್ನುವಾಗ ಬಂದು ಟ್ರೈಪಾಡಿನ ಕಾಲು ಬಿಚ್ಚತೊಡಗುವವನ ಪಾಡನ್ನು ಬೇರೆ ಹೇಳಬೇಕಾಗಿಲ್ಲ. ಒಂದೂವರೆ ಗಂಟೆ ಮೊದಲೇ ಹೋಗಿ ಕುಳಿತಿರಬೇಕು. ಹಾಗೆ ಕುಳಿತವನಿಗೆ ಇನ್ನೊಂದು ಲಾಭವೂ ಇದೆ: ಹಕ್ಕಿಗಳು ಅವನನ್ನು ಕೆರೆಯ ಕಲ್ಲುಗಳಲ್ಲೊಂದೆಂದು ಎಣಿಸತೊಡಗುತ್ತವೆ.

ಚೌಕಟ್ಟು

ಸಮತಲದ ನೆಲವು ಚಿತ್ರಕಾರನಿಗೆ ಒಡ್ಡುವ ಕಷ್ಟವೇನೆಂದರೆ, ಅಲ್ಲಿ ಕಣ್ಣು ಆತುಕೊಳ್ಳಲು ಎದ್ದು ನಿಂತ ವಸ್ತುವಿಲ್ಲ. ಮೇಲೊಂದು ಪಟ್ಟಿ ಆಕಾಶ, ಕೆಳಗೊಂದು ಪಟ್ಟಿ ನೀರು, ನಡುವೆ ಗೆರೆ ಎಳೆದಂತೆ ದಂಡೆ. ಈ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದೇ ಮೊದಲ ನಿರ್ಣಯ. ಚೌಕಟ್ಟನ್ನು ಮೂರು ಪಾಲು ಮಾಡಿ ಗೆರೆಯನ್ನು ಮೂರನೆಯ ಒಂದರಲ್ಲಿ ಇಡಬೇಕೆಂಬ ಸೂತ್ರವನ್ನು ಎಲ್ಲರೂ ಹೇಳುತ್ತಾರೆ. ನನ್ನ ಅನುಭವದಲ್ಲಿ ಆ ಸೂತ್ರಕ್ಕಿಂತ ಸಂಜೆಯ ಆಕಾಶವನ್ನು ಕೇಳುವುದು ಲೇಸು. ಮಳೆಗಾಲ ಹಿಂದೆಗೆಯುವ ಅಕ್ಟೋಬರಿನಲ್ಲಿ ಆಕಾಶದ ತುಂಬ ಮೋಡದ ಪದರಗಳಿರುವಾಗ ಗೆರೆಯನ್ನು ಕೆಳಗಿಳಿಸಿ, ಮುಕ್ಕಾಲು ಪಾಲನ್ನೂ ಆಕಾಶಕ್ಕೆ ಬಿಟ್ಟುಕೊಟ್ಟರೂ ನಷ್ಟವಿಲ್ಲ. ಡಿಸೆಂಬರ್, ಜನವರಿಗಳ ಆಕಾಶವು ಒರೆಸಿಟ್ಟ ಹಲಗೆಯಂತೆ ಬರಿದು. ಆಗ ಗೆರೆಯನ್ನು ಮೇಲಕ್ಕೊಯ್ದು, ಆಕಾಶದ ಒಂದು ತೆಳುವಾದ ಅಂಚನ್ನು ಮಾತ್ರ ಉಳಿಸಿಕೊಂಡು, ಮಿಕ್ಕುದೆಲ್ಲವನ್ನೂ ನೀರು, ಕೆಸರು, ಜೊಂಡುಗಳಿಗೆ ಒಪ್ಪಿಸಬೇಕು. ಗಾಳಿ ನಿಂತು ನೀರು ನಿಸ್ತರಂಗವಾಗಿ ಕನ್ನಡಿಯಾದ ಸಂಜೆ ಮಾತ್ರ ಗೆರೆಯನ್ನು ನಟ್ಟನಡುವೆ ಇಡುವುದರಲ್ಲಿ ಅರ್ಥವಿದೆ. ಆಗ ಮೇಲಿನದೂ ಕೆಳಗಿನದೂ ಒಂದನ್ನೊಂದು ಸರಿದೂಗುತ್ತವೆ. ನೆಲದ ಕಾವು ಇಳಿಯುತ್ತ ಬಂದಂತೆ ಬೈಗಿನ ಗಾಳಿಯೂ ಸಾಮಾನ್ಯವಾಗಿ ತಗ್ಗುವುದರಿಂದ ಕನ್ನಡಿಗಾಗಿ ಕಾಯುವವನಿಗೆ ನಿರಾಶೆಯಾಗುವುದು ಅಪರೂಪ.

ಎರಡನೆಯ ನಿರ್ಣಯ ಕ್ಯಾಮೆರಾದ ಎತ್ತರ, ಮತ್ತು ಇದನ್ನು ಕುರಿತು ಹೊಸಬರು ಯೋಚಿಸುವುದೇ ಇಲ್ಲ. ಎಲ್ಲರೂ ತಮ್ಮ ಕಣ್ಣಿನ ಎತ್ತರದಿಂದಲೇ ತೆಗೆಯುತ್ತಾರೆ. ಏರಿಯ ಮೇಲೆ ನಿಂತರೆ ನೀರಿನ ಹರಹು ಒಂದು ಆಕಾರವಾಗಿ ಬಿಡಿಸಿಕೊಳ್ಳುತ್ತದೆ. ಕೆಸರಿನ ದ್ವೀಪಗಳು ಒಂದರಮೇಲೊಂದು ಬೀಳದೆ ಬೇರೆಬೇರೆಯಾಗಿ ಕಾಣುತ್ತವೆ, ನೀರಿನ ಒಂದು ನಾಲಗೆ ಹೊಲದೊಳಕ್ಕೆ ನುಗ್ಗಿರುವುದು ತೋರುತ್ತದೆ. ಆದರೆ ಕಾಲಬುಡದ ನೀರು ಕಪ್ಪಾಗುತ್ತದೆ. ಇದರ ಕಾರಣ ತಿಳಿದಿರುವುದು ಮೇಲು: ನೇರ ಕೆಳಗೆ ನೋಡಿದಾಗ ನೀರಿನ ಮೇಲ್ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎರಡು ಪಾಲನ್ನಷ್ಟೇ ಹಿಂದಿರುಗಿಸುತ್ತದೆ, ನೋಟ ಓರೆಯಾದಷ್ಟೂ ಆ ಪಾಲು ಏರುತ್ತ ಹೋಗಿ, ದೂರದ ನೀರು ಬಹುಮಟ್ಟಿಗೆ ಪೂರ್ಣ ಕನ್ನಡಿಯೇ ಆಗಿಬಿಡುತ್ತದೆ. ಆದ್ದರಿಂದ ಟ್ರೈಪಾಡನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ, ನೀವೂ ಕುಕ್ಕರಗಾಲಿನಲ್ಲಿ ಕುಳಿತರೆ, ಕಪ್ಪಾಗಿದ್ದ ಅದೇ ನೀರಿಗೆ ಸಂಧ್ಯಾರಾಗವು ಹರಿದು ಬರುತ್ತದೆ. ಬಣ್ಣ ಬೇಕಾದರೆ ತಗ್ಗಿಗೆ, ಆಕಾರ ಬೇಕಾದರೆ ಏರಿಗೆ ಎಂದು ನಾನು ನೆನಪಿಟ್ಟುಕೊಂಡಿದ್ದೇನೆ.

ಮೂರನೆಯದು ಮುನ್ನೆಲೆ. ನೀರಿನಲ್ಲಿ ನಿಂತ ಜೊಂಡಿನ ಒಂದು ಗುಂಪು, ಒಣಗಿದ ಜಾಲಿಯ ಕೊಂಬೆ, ದನಗಳು ಇಳಿದ ಹೆಜ್ಜೆಗುಳಿಗಳಲ್ಲಿ ನಿಂತ ನೀರು, ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಎರಡನ್ನು ಸೇರಿಸಿದಿರೋ ಅವು ಜಗಳಕ್ಕೆ ನಿಲ್ಲುತ್ತವೆ. ನೀರಿನಲ್ಲಿ ಸಣ್ಣ ಅಲೆಗಳಿದ್ದಾಗ ಸೂರ್ಯನ ಕೆಳಗೆ ಮೂಡುವ ಹೊಳೆಯುವ ಕಂಬವು ಯಾವಾಗಲೂ ನೋಡುವವನ ಕಡೆಗೇ ಹರಿದು ಬರುವಂಥದು. ನೀವು ಹತ್ತು ಹೆಜ್ಜೆ ಎಡಕ್ಕೆ ಸರಿದರೆ ಅದೂ ನಿಮ್ಮೊಡನೆ ಸರಿಯುತ್ತದೆ. ಜೊಂಡು ಇದ್ದಲ್ಲಿಯೇ ಇರುತ್ತದೆ. ಆದುದರಿಂದ ಜೊಂಡನ್ನು ಆ ಕಂಬದೊಳಗೆ ನಿಲ್ಲಿಸಿ ಕಪ್ಪು ರೇಖಾಚಿತ್ರದಂತೆ ಮಾಡುವುದೂ, ಕಂಬದಿಂದ ಹೊರಗಿಟ್ಟು ಮಂದವಾಗಿ ಬಿಡುವುದೂ ಛಾಯಾಗ್ರಾಹಕನ ಕಾಲಿನ ಕೆಲಸವೇ ಹೊರತು ಲೆನ್ಸಿನ ಕೆಲಸವಲ್ಲ.

ಸೂರ್ಯನು ಚಿತ್ರದಲ್ಲಿ ಎಷ್ಟು ದೊಡ್ಡದಾಗಿ ಕಾಣಬೇಕೆಂಬುದಕ್ಕೆ ಸುಲಭವಾದ ಲೆಕ್ಕವಿದೆ. ಲೆನ್ಸಿನ ಫೋಕಲ್ ಲೆಂಗ್ತನ್ನು 110ರಿಂದ ಭಾಗಿಸಿದರೆ ಸೆನ್ಸಾರಿನ ಮೇಲೆ ಬೀಳುವ ಬಿಂಬದ ವ್ಯಾಸವು ಮಿಲಿಮೀಟರಿನಲ್ಲಿ ಸಿಗುತ್ತದೆ. ಇಪ್ಪತ್ತನಾಲ್ಕು ಎಂಎಂ ಲೆನ್ಸಿನಲ್ಲಿ ಅದು ಸಾಸಿವೆಗಿಂತ ಕಿರಿದು. 400 ಎಂಎಂನಲ್ಲಿ ಮೂರೂವರೆ ಮಿಲಿಮೀಟರನ್ನು ಮೀರುತ್ತದೆ, ಅಂದರೆ ಫುಲ್ ಫ್ರೇಮ್ ಸೆನ್ಸಾರಿನ ಎತ್ತರದಲ್ಲಿ ಸುಮಾರು ಏಳನೆಯ ಒಂದು ಪಾಲು. ಸೂರ್ಯನೆದುರು ಹಾರುವ ಬಾತುಗಳ ಸಾಲು ಬೇಕೆನ್ನುವವರಿಗೆ ಎರಡನೆಯದು, ಕೆರೆಯ ಹರಹು ಬೇಕೆನ್ನುವವರಿಗೆ ಮೊದಲನೆಯದು. ಆದರೆ ದೂರದ ಲೆನ್ಸು ಹಾಕಿದ ಕ್ಯಾಮೆರಾದ ಗಾಜಿನ ಕಿಂಡಿಯಲ್ಲಿ ಕಣ್ಣಿಟ್ಟು ಸೂರ್ಯನನ್ನು ನೇರವಾಗಿ ನೋಡಬಾರದು. ಕಣ್ಣು ಶಾಶ್ವತವಾಗಿ ಕೆಡುವ ಸಂಭವವುಂಟು. ಬೆನ್ನಿನ ಪರದೆಯಲ್ಲಿ ನೋಡಿಯೇ ಚೌಕಟ್ಟು ಹೊಂದಿಸಿ, ತೆಗೆದಾದ ಮೇಲೆ ಲೆನ್ಸನ್ನು ಬೇರೆ ಕಡೆಗೆ ತಿರುಗಿಸಿಡಿ.

ಇನ್ನು ಆ ಓರೆಯ ಮಾತು. ಕ್ಯಾಮೆರಾದೊಳಗಿನ ಮಟ್ಟದ ಗೆರೆಯನ್ನೋ, ಪರದೆಯ ಮೇಲೆ ಮೂಡುವ ಚೌಕಳಿಯನ್ನೋ ತೆರೆದಿಟ್ಟುಕೊಳ್ಳುವುದರಿಂದ ಅರ್ಧ ಕಷ್ಟ ತೀರುತ್ತದೆ. ಉಳಿದರ್ಧ, ಎರೆಮಣ್ಣಿನಲ್ಲಿ ಟ್ರೈಪಾಡಿನ ಒಂದು ಕಾಲು ಮೆಲ್ಲನೆ ಹೂತುಹೋಗುವುದರಿಂದ ಬರುವುದು. ಪ್ರತಿ ಕಾಲಿನ ಕೆಳಗೂ ಒಂದೊಂದು ಚಪ್ಪಟೆ ಕಲ್ಲನ್ನಿಟ್ಟು, ಹತ್ತು ನಿಮಿಷಕ್ಕೊಮ್ಮೆ ಮಟ್ಟವನ್ನು ನೋಡಿಕೊಳ್ಳುತ್ತಿರಬೇಕು.

ಬೆಳಕಿನ ಅಳತೆ

ಕ್ಯಾಮೆರಾದ ಮೀಟರು ಪ್ರಾಮಾಣಿಕವಾದ, ಆದರೆ ಬುದ್ಧಿ ಕಡಿಮೆಯಾದ ಸೇವಕ. ತನಗೆ ತೋರಿಸಿದುದೆಲ್ಲವನ್ನೂ ಅದು ನಡುಬೂದಿಯೆಂದೇ ತಿಳಿಯುತ್ತದೆ. ಸೂರ್ಯನನ್ನು ತೋರಿಸಿದರೆ ಅವನನ್ನು ಬೂದಿ ಮಾಡಹೋಗಿ ಕೆರೆಯನ್ನು ಇದ್ದಿಲು ಮಾಡುತ್ತದೆ. ದಂಡೆಯ ಕತ್ತಲನ್ನು ತೋರಿಸಿದರೆ ಅದನ್ನು ಬೂದಿ ಮಾಡಹೋಗಿ ಆಕಾಶವನ್ನು ಸುಣ್ಣ ಬಳಿದ ಗೋಡೆ ಮಾಡುತ್ತದೆ. ಯಾವುದು ಎಷ್ಟು ಬೆಳ್ಳಗಿರಬೇಕು, ಯಾವುದು ಎಷ್ಟು ಕಪ್ಪಿರಬೇಕೆಂಬುದನ್ನು ತೆಗೆಯುವವನೇ ಮೊದಲು ನಿಶ್ಚಯಿಸಿ ಮೀಟರಿಗೆ ಹೇಳಬೇಕೆಂಬುದು, ಅಮೆರಿಕದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಎಂಬವರು 1940ರ ಸುಮಾರಿಗೆ ಫಿಲ್ಮಿಗಾಗಿ ರೂಪಿಸಿದ ಝೋನ್ ಪದ್ಧತಿಯ ಸಾರ. ಕೆರೆಯ ಬೈಗಿಗೆ ಅದನ್ನು ಹೀಗೆ ಅನ್ವಯಿಸಬಹುದು: ಮೀಟರನ್ನು ಸ್ಪಾಟ್ ಕ್ರಮಕ್ಕೆ ಇಟ್ಟು, ಸೂರ್ಯನನ್ನು ಚೌಕಟ್ಟಿನಿಂದ ಹೊರಗಿಟ್ಟು, ಅವನ ಪಕ್ಕದ ಹೊಳೆಯುವ ಆಕಾಶವನ್ನು ಅಳೆಯಿರಿ, ಬಂದ ಅಳತೆಗಿಂತ ಒಂದು ಸ್ಟಾಪಿನಷ್ಟು ಹೆಚ್ಚು ಬೆಳಕು ಬಿಡಿ, ಮ್ಯಾನ್ಯುಯಲ್ ಕ್ರಮದಲ್ಲಿ ಅದನ್ನು ಬಿಗಿದಿಟ್ಟು, ಆಮೇಲೆ ಚೌಕಟ್ಟನ್ನು ಹೊಂದಿಸಿಕೊಳ್ಳಿ.

ಅಂಕಿಗಳಿಲ್ಲದೆ ಮನಸ್ಸು ಒಪ್ಪದವರಿಗೆ ಆರಂಭದ ಅಂಕಿಗಳನ್ನು ಕೊಡುತ್ತೇನೆ, ಮೋಡ ಧೂಳುಗಳಿಗೆ ತಕ್ಕಂತೆ ಇವು ಏರುಪೇರಾಗುವುವೆಂಬುದನ್ನು ಮರೆಯಬಾರದು. ಐಎಸ್‌ಒ 100. ಸೂರ್ಯನು ಮುಳುಗುವ ಹೊತ್ತಿಗೆ ಅಪರ್ಚರ್ ಎಫ್/11, ಶಟರ್ 1/30 ಸೆಕೆಂಡು. ಮುಳುಗಿ ಹತ್ತು ನಿಮಿಷದ ಮೇಲೆ ಎಫ್/8ರಲ್ಲಿ 1/8 ಸೆಕೆಂಡು. ಇಪ್ಪತ್ತು ನಿಮಿಷದ ಮೇಲೆ ಒಂದು ಸೆಕೆಂಡು ಅಥವಾ ಅದಕ್ಕೂ ಮೇಲೆ. ಎಫ್/22ರವರೆಗೆ ಕಿಂಡಿಯನ್ನು ಕಿರಿದುಮಾಡಿದರೆ ಸ್ಪಷ್ಟತೆ ಹೆಚ್ಚುತ್ತದೆಂಬುದು ಭ್ರಮೆ. ಬೆಳಕು ಕಿರುಗಿಂಡಿಯ ಅಂಚಿನಲ್ಲಿ ಹರಡಿಕೊಂಡು ಚಿತ್ರವೆಲ್ಲ ಮಿದುವಾಗುತ್ತದೆ. ಫುಲ್ ಫ್ರೇಮ್ ಕ್ಯಾಮೆರಾದ 24 ಎಂಎಂ ಲೆನ್ಸನ್ನು ಎಫ್/11ಕ್ಕೆ ಇಟ್ಟು, ಹೆಚ್ಚುಕಡಿಮೆ ಆರಡಿ ದೂರದ ಜೊಂಡಿಗೆ ಫೋಕಸ್ ಮಾಡಿದರೆ, ಒಂದು ಮೀಟರಿನಿಂದ ಹಿಡಿದು ದಿಗಂತದವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ.

ತೆಗೆದ ಮೇಲೆ ಪರದೆಯಲ್ಲಿ ಚಿತ್ರವನ್ನು ನೋಡಿ ಹಿಗ್ಗುವ ಮೊದಲು ಹಿಸ್ಟೋಗ್ರಾಮನ್ನು ನೋಡಬೇಕು, ಅದರಲ್ಲಿಯೂ ಕೆಂಪು, ಹಸಿರು, ನೀಲಿ ಬೇರೆಬೇರೆಯಾಗಿ ತೋರುವ ಬಗೆಯನ್ನು. ಕ್ಷಿತಿಜದಲ್ಲಿರುವ ಸೂರ್ಯನ ಬೆಳಕು, ನೆತ್ತಿಯ ಮೇಲಿರುವಾಗ ದಾಟುವುದಕ್ಕಿಂತ ಸುಮಾರು 38 ಪಟ್ಟು ಗಾಳಿಯನ್ನು ಹಾದು ಬರುವಾಗ ದಾರಿಯಲ್ಲಿ ನೀಲಿಯೆಲ್ಲ ಚದುರಿ ಹೋಗಿ ಕೆಂಪೇ ಉಳಿಯುತ್ತದೆಯಷ್ಟೆ. ಆ ಕೆಂಪು ಇತರ ಬಣ್ಣಗಳಿಗಿಂತ ಮೊದಲೇ ತುಂಬಿ ತುಳುಕಿಬಿಡುತ್ತದೆ. ಒಟ್ಟು ಹಿಸ್ಟೋಗ್ರಾಮು ಎಲ್ಲವೂ ಕ್ಷೇಮವೆಂದು ಹೇಳುತ್ತಿರುವಾಗಲೇ ಕೆಂಪಿನ ಗೆರೆ ಬಲದ ಗೋಡೆಗೆ ಬಡಿದು, ಮೋಡದ ಸೂಕ್ಷ್ಮ ಪದರಗಳೆಲ್ಲ ಒಂದೇ ಕುಂಕುಮದ ಬಟ್ಟಲಿನಲ್ಲಿ ಅದ್ದಿದಂತಾಗಿರುತ್ತವೆ. ನಾನು ಈ ಪಾಠವನ್ನು ಕಲಿಯಲು ಒಂದು ಚಳಿಗಾಲವನ್ನೇ ತೆತ್ತೆ. ಕೆಂಪು ಗೋಡೆಗೆ ತಾಗಿದರೆ ಅರ್ಧ ಸ್ಟಾಪು ಇಳಿಸಿ. ರಾ ಫೈಲಿನಲ್ಲಿ ತೆಗೆಯುವುದೂ, ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ ಹಗಲು ಬೆಳಕಿಗೆ, ಎಂದರೆ 5500 ಕೆಲ್ವಿನ್ನಿನ ಆಸುಪಾಸಿಗೆ, ಇಡುವುದೂ ಅವಶ್ಯಕ. ಆಟೋದಲ್ಲಿಟ್ಟರೆ ಯಂತ್ರವು ಸಂಜೆಗೆಂಪನ್ನು ದೋಷವೆಂದು ಭಾವಿಸಿ ತೊಳೆದುಹಾಕುವುದು.

ಆಕಾಶಕ್ಕಿಂತ ಅದರ ಪ್ರತಿಬಿಂಬ ಯಾವಾಗಲೂ ಮಂಕು. ನೆಟ್ಟನೆಯ ಕ್ಷಿತಿಜವಿರುವ ಬಯಲು ಕೆರೆಯಲ್ಲಿ ಮೇಲರ್ಧ ಕಪ್ಪಾಗಿರುವ ಗ್ರ್ಯಾಜುಯೇಟೆಡ್ ಎನ್‌ಡಿ ಫಿಲ್ಟರಿನಷ್ಟು ಸಹಜವಾಗಿ ಹೊಂದುವ ಉಪಕರಣ ಬೇರೊಂದಿಲ್ಲ. ಮಲೆನಾಡಿನ ಬೆಟ್ಟದ ಸಾಲಿನಲ್ಲಿ ಅದರ ಅಂಚು ಬೆಟ್ಟದ ತಲೆಯನ್ನೂ ಕಪ್ಪು ಮಾಡುತ್ತದೆ, ಇಲ್ಲಿ ಅಂಥ ಅಡ್ಡಿಯೇ ಇಲ್ಲ. ಎರಡು ಸ್ಟಾಪಿನದು ಸಾಕು. ಅದಿಲ್ಲದವರು ಒಂದೇ ಚೌಕಟ್ಟನ್ನು ಎರಡು ಸ್ಟಾಪು ಕಡಿಮೆ, ಸಮ, ಎರಡು ಸ್ಟಾಪು ಹೆಚ್ಚು ಎಂದು ಮೂರು ಸಲ ತೆಗೆದು ಕಂಪ್ಯೂಟರಿನಲ್ಲಿ ಕೂಡಿಸುವುದುಂಟು. ಅಲುಗುವ ಜೊಂಡೂ ಈಜುವ ಬಾತೂ ಇರುವಲ್ಲಿ ಅದು ದೆವ್ವದ ನೆರಳುಗಳನ್ನು ಹುಟ್ಟಿಸುತ್ತದೆ. ಯಾವ ದಾರಿ ಹಿಡಿದರೂ ನೀರು ಆಕಾಶಕ್ಕಿಂತ ಬೆಳಗುವಂತೆ ಮಾಡಬಾರದು. ಕಾರಣ ಹೇಳಲಾರದವನ ಕಣ್ಣು ಕೂಡ ಅಂಥ ಚಿತ್ರವನ್ನು ಸುಳ್ಳೆಂದು ಕೂಡಲೆ ಗುರುತಿಸುತ್ತದೆ. ಪೋಲರೈಸರನ್ನು ಚೀಲದಲ್ಲಿಯೇ ಬಿಡಿ. ಪ್ರತಿಬಿಂಬವನ್ನು ಅಳಿಸುವುದೇ ಅದರ ಕಸುಬು, ನಾವು ಬಂದಿರುವುದು ಪ್ರತಿಬಿಂಬಕ್ಕಾಗಿ.

ಮೊಬೈಲಿನಲ್ಲಿ ತೆಗೆಯುವವರಿಗೆ ಎರಡೇ ಮಾತು: ಪರದೆಯಲ್ಲಿ ಆಕಾಶದ ಹೊಳೆಯುವ ಭಾಗವನ್ನು ಒತ್ತಿ ಹಿಡಿದು ಬೆಳಕನ್ನು ಬಿಗಿದು, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ, ಬಣ್ಣಗಳು ಮರಳಿ ಬರುತ್ತವೆ. ಬೆರಳಿನಿಂದ ಚಿತ್ರವನ್ನು ಹಿಗ್ಗಿಸಬೇಡಿ.

ಮುಳುಗಿದ ಮೇಲೆ

ಬಿಂಬವು ಕ್ಷಿತಿಜವನ್ನು ಮುಟ್ಟಿದಂತೆ ಕಾಣುವ ಗಳಿಗೆಯಲ್ಲಿ ನಿಜವಾದ ಸೂರ್ಯನು ಆಗಲೇ ಕ್ಷಿತಿಜದ ಕೆಳಗಿರುತ್ತಾನೆ. ಗಾಳಿಯು ಬೆಳಕನ್ನು ಬಾಗಿಸಿ, ಬಿಂಬದ ಅಗಲಕ್ಕಿಂತ ತುಸು ಹೆಚ್ಚಾಗಿಯೇ ಅವನನ್ನು ಮೇಲೆತ್ತಿ ತೋರಿಸುತ್ತದೆ. ಈ ಮಾಯೆಯೂ ಮುಗಿದು ಬಿಂಬ ಮರೆಯಾದೊಡನೆ ಬಂದವರಲ್ಲಿ ಹೆಚ್ಚಿನವರು ಚೀಲ ಕಟ್ಟಿಕೊಂಡು ಹೊರಡುತ್ತಾರೆ. ಅವರು ಹೋಗಲಿ. ನಮ್ಮ ಸೀಮೆಯಲ್ಲಿ ಇನ್ನು ಇಪ್ಪತ್ತು ನಿಮಿಷಕ್ಕೆ ಸ್ವಲ್ಪ ಮೇಲ್ಪಟ್ಟು ಬೆಳಕಿರುತ್ತದೆ, ಎತ್ತರದ ತೆಳುಮೋಡಗಳಿದ್ದರೆ ನೆಲಕ್ಕೆ ಕತ್ತಲು ಬಿದ್ದ ಮೇಲೂ ಅವಕ್ಕೆ ಬಿಸಿಲು ತಾಗುತ್ತಿದ್ದು, ಕೆಂಪು ಎರಡನೆಯ ಸಲ ಏರುತ್ತದೆ. ಆಕಾಶಕ್ಕೂ ನೀರಿಗೂ ನಡುವಿನ ಬೆಳಕಿನ ಅಂತರವೂ ತಗ್ಗಿರುವುದರಿಂದ ಫಿಲ್ಟರನ್ನು ತೆಗೆದಿಟ್ಟೇ ತೆಗೆಯಬಹುದು. ಒಮ್ಮೆ ಬೆನ್ನ ಹಿಂದಕ್ಕೂ ತಿರುಗಿ ನೋಡಿ: ಪೂರ್ವದಲ್ಲಿ ಕ್ಷಿತಿಜದಿಂದ ಮೇಲೇಳುತ್ತಿರುವ ನೀಲಿಬೂದಿ ಪಟ್ಟಿಯು ಭೂಮಿಯ ನೆರಳೇ, ಅದರ ಮೇಲಿನ ನಸುಗೆಂಪು ಅಂಚು ಎದುರಿನ ಬೆಳಕಿನ ಮರುಬಣ್ಣ. ನಾನು ಮೆಚ್ಚಿಕೊಂಡ ಕೆಲವು ಚಿತ್ರಗಳು ಪಶ್ಚಿಮಕ್ಕೆ ಬೆನ್ನು ಮಾಡಿ ತೆಗೆದವು.

ಹೆಬ್ಬಾತುಗಳು ಏಳುವುದು ಈ ಹೊತ್ತಿನ ಆಸುಪಾಸಿನಲ್ಲಿಯೇ. ಮೊದಲು ಒಂದೆರಡು ಕೊರಳೆತ್ತಿ ಕೂಗುತ್ತವೆ, ಕೂಗು ಗುಂಪಿನಿಂದ ಗುಂಪಿಗೆ ಹಬ್ಬುತ್ತದೆ. ಆ ಸದ್ದು ಕೇಳಿದೊಡನೆ ನೀರಿನ ಚಿತ್ರದ ಅಂಕಿಗಳನ್ನು ಬದಲಿಸಿ, ಎಫ್/5.6, 1/1000 ಸೆಕೆಂಡು, ಐಎಸ್‌ಒ 800ಕ್ಕೆ ತಂದಿಟ್ಟುಕೊಳ್ಳಿ. ಬೆಳಕು ಹೆಚ್ಚು ಕುಂದಿದ್ದರೆ ಐಎಸ್‌ಒ ಇನ್ನೂ ಏರಬೇಕಾದೀತು. ಕಪ್ಪು ಆಕೃತಿಗಳಾಗಿಯೇ ಅವನ್ನು ಹಿಡಿಯುವುದರಿಂದ ಆಕಾಶದ ಬೆಳಕಿಗೆ ಅಳೆದರೆ ಸಾಕು. ರೆಕ್ಕೆಗಳು ಒಂದಕ್ಕೊಂದು ತಾಗದೆ ಬಿಡಿಬಿಡಿಯಾಗಿ ಕಾಣುವ ಗಳಿಗೆಗಾಗಿ ಮಾತ್ರ ಕಾಯಬೇಕು. ಅವನ್ನು ಹಾರಿಸುವುದಕ್ಕಾಗಿ ಕೂಗುವವರನ್ನೂ, ಕಲ್ಲೆಸೆಯುವವರನ್ನೂ, ಮೇಲೆ ಡ್ರೋನು ಹಾರಿಸುವವರನ್ನೂ ನಾನು ಛಾಯಾಗ್ರಾಹಕರ ಸಾಲಿನಲ್ಲಿ ಸೇರಿಸಲಾರೆ. ತಾವಾಗಿ ಏಳುವ ಹೊತ್ತಿಗೆ ಮುಂಚೆ, ಮೇಯುತ್ತಿದ್ದ ಅಥವಾ ಮಲಗಿದ್ದ ಬಾತುಗಳೆಲ್ಲ ಒಟ್ಟಿಗೆ ಕೊರಳೆತ್ತಿ ನಿಮ್ಮ ಕಡೆಗೆ ನೋಡಿದವೆಂದರೆ ನೀವು ಬೇಕಾದುದಕ್ಕಿಂತ ಹತ್ತಿರ ಹೋಗಿದ್ದೀರಿ, ಮೆಲ್ಲನೆ ಹಿಂದೆಗೆಯಿರಿ.

ಹೊರಡುವ ಮೊದಲು, ಕತ್ತಲೆಯಾಗಿದ್ದರೂ ಸರಿ, ಟಾರ್ಚು ಹಚ್ಚಿಕೊಂಡು ಟ್ರೈಪಾಡಿನ ಕಾಲುಗಳನ್ನು ಅಲ್ಲಿಯೇ ನೀರಿನಲ್ಲಿ ತೊಳೆದು ಒರೆಸಿಕೊಳ್ಳಿ. ಎರೆಮಣ್ಣು ಹಸಿಯಿರುವಾಗ ಬೆಣ್ಣೆ, ಮನೆ ಮುಟ್ಟುವಷ್ಟರಲ್ಲಿ ಕಲ್ಲು. ಮರುದಿನ ಬಿಚ್ಚಲು ಹೋದರೆ ಕಾಲಿನ ಹಿಡಿಕೆಗಳು ತಿರುಗುವುದಿಲ್ಲ.